ನದಿಯಾಚೆಯ ಕಾನೂನಿಗೆ ಒಂದು ಕೋವಿ

2023ರ ವಸಂತದಲ್ಲಿ ನನ್ನ ಕೆಲಸ ಅರಿಜೋನಾದ ಫೀನಿಕ್ಸ್‌ನಿಂದ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ಗೆ ಬದಲಾಯಿತು. ಮನೆಯ ಸಾಮಾನುಗಳಲ್ಲಿ ಉಳಿದುದೆಲ್ಲವನ್ನೂ ಲಾರಿಗೆ ಹೇರಿ ಕಳುಹಿಸಬಹುದಾಗಿತ್ತು. ತೊಡಕಾದದ್ದು ಕಬ್ಬಿಣದ ಕಪಾಟಿನಲ್ಲಿದ್ದ ಒಂದು ಕೋವಿ ಮಾತ್ರ. ಅದು ಎಆರ್-15 ಮಾದರಿಯ ಅರೆಸ್ವಯಂಚಾಲಿತ ರೈಫಲ್. ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು ಹಾರುತ್ತದೆ, ಖಾಲಿ ತೋಟಾ ಹೊರಬಿದ್ದು ಮುಂದಿನದು ತಾನಾಗಿಯೇ ನಳಿಗೆಗೆ ಬಂದು ಕೂರುತ್ತದೆ. ಅರಿಜೋನಾದಲ್ಲಿ ಅದನ್ನು ಅಂಗಡಿಯಿಂದ ಕೊಂಡು ಮನೆಯಲ್ಲಿಟ್ಟುಕೊಳ್ಳಲು ಅಡ್ಡಿಯೇನೂ ಇರಲಿಲ್ಲ. ಆದರೆ ಅದನ್ನು ಇದ್ದ ರೂಪದಲ್ಲೇ ಎರಡು ರಾಜ್ಯಗಳ ನಡುವಿನ ಗಡಿಯಾದ ಕೊಲರಾಡೋ ನದಿ ದಾಟಿಸಿದರೆ, ಆಚೆ ದಡದಲ್ಲಿ ಅದು ‘ಅಸಾಲ್ಟ್ ವೆಪನ್’, ಅಂದರೆ ನಿಷೇಧಿತ ಆಕ್ರಮಣಕಾರಿ ಆಯುಧ, ಎನಿಸಿಕೊಳ್ಳುತ್ತದೆ ಮತ್ತು ಅದನ್ನು ತಂದವನು ಗಂಭೀರ ಅಪರಾಧಿಯಾಗುತ್ತಾನೆ. ಹಾಗಾಗಿ ಆಗಬೇಕಾದ ಬದಲಾವಣೆಗಳೆಲ್ಲ ಈಚೆ ದಡದಲ್ಲೇ ಮುಗಿಯಬೇಕಿತ್ತು.

ಈ ಕಾನೂನಿನ ಬೇರು 1989ರ ಜನವರಿಯಲ್ಲಿದೆ. ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಊರಿನ ಕ್ಲೀವ್‌ಲ್ಯಾಂಡ್ ಪ್ರಾಥಮಿಕ ಶಾಲೆಯ ಆಟದ ಮೈದಾನದಲ್ಲಿ ಒಬ್ಬಾತ ಎಕೆ ಮಾದರಿಯ ಕೋವಿಯಿಂದ ಗುಂಡು ಹಾರಿಸಿ ಐವರು ಮಕ್ಕಳನ್ನು ಕೊಂದ. ಅವರೆಲ್ಲ ಆಗ್ನೇಯ ಏಷ್ಯಾದಿಂದ ಬಂದು ನೆಲೆಸಿದ ನಿರಾಶ್ರಿತ ಕುಟುಂಬಗಳ ಮಕ್ಕಳು. ಅದೇ ವರ್ಷ ರಾಜ್ಯವು ಹಲವು ಕೋವಿಗಳನ್ನು ತಯಾರಕರ ಹೆಸರು, ಮಾದರಿಯ ಹೆಸರು ಹಿಡಿದು ನಿಷೇಧಿಸಿತು. ತಯಾರಕರು ಹೆಸರು ಬದಲಿಸಿ ಅದೇ ಕೋವಿಯನ್ನು ಮಾರತೊಡಗಿದಾಗ, ಹೆಸರನ್ನು ನೆಚ್ಚಿ ಪ್ರಯೋಜನವಿಲ್ಲವೆಂದು 1999ರಲ್ಲಿ ಅಂಗಾಂಗಗಳ ಲಕ್ಷಣವನ್ನೇ ಹಿಡಿಯುವ ಕಾನೂನು ಬಂದು, 2000ದ ಜನವರಿ 1ರಿಂದ ಜಾರಿಯಾಯಿತು. ಮ್ಯಾಗಜಿನ್, ಅಂದರೆ ತೋಟಾ ತುಂಬುವ ಪೆಟ್ಟಿಗೆ, ಕಳಚಬಹುದಾದ ಅರೆಸ್ವಯಂಚಾಲಿತ ಸೆಂಟರ್‌ಫೈರ್ (ತೋಟಾದ ಬುಡದ ನಡುವೆ ಹೊಡೆದು ಸಿಡಿಸುವ) ರೈಫಲ್‌ನಲ್ಲಿ ಪಿಸ್ತೂಲಿನ ಹಿಡಿ, ಹೆಬ್ಬೆರಳು ತೂರುವ ರಂಧ್ರವಿರುವ ಸ್ಟಾಕ್ (ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ), ಮಡಚುವ ಅಥವಾ ಒಳಗೆ ಸರಿಯುವ ಸ್ಟಾಕ್, ಮುಂಭಾಗದ ಎರಡನೆಯ ಹಿಡಿ, ಬೆಂಕಿಯ ಮಿಂಚನ್ನು ಅಡಗಿಸುವ ಮೂತಿ, ಗ್ರೆನೇಡ್ ಹಾರಿಸುವ ಸಾಧನ, ಇವುಗಳಲ್ಲಿ ಒಂದಿದ್ದರೂ ಅದು ನಿಷಿದ್ಧ.

ಇದಕ್ಕೂ ಜನ ಒಂದು ಉಪಾಯ ಕಂಡುಕೊಂಡರು. ಮ್ಯಾಗಜಿನ್ ಬಿಡಿಸುವ ಗುಂಡಿಯನ್ನು ಬೆರಳಿನಿಂದ ಒತ್ತಲಾಗದಂತೆ ಗುಳಿಯೊಳಗೆ ಇಳಿಸಿ, ಉಪಕರಣದ ತುದಿಯಿಂದ ಮಾತ್ರ ಒತ್ತಬಹುದಾದಂತೆ ಮಾಡಿದರು; ಹಾಗಾದರೆ ಮ್ಯಾಗಜಿನ್ ‘ಕಳಚಬಹುದಾದದ್ದು’ ಎಂದು ಲೆಕ್ಕಕ್ಕೆ ಬರುತ್ತಿರಲಿಲ್ಲ. ತೋಟಾದ ಮೊನೆಯೂ ಉಪಕರಣವೆಂದೇ ಲೆಕ್ಕವಾದ್ದರಿಂದ ಅದಕ್ಕೆ ‘ಬುಲೆಟ್ ಬಟನ್’ ಎಂಬ ಹೆಸರು ಬಂತು. 2015ರ ಡಿಸೆಂಬರ್‌ನಲ್ಲಿ ಸ್ಯಾನ್ ಬರ್ನಾರ್ಡಿನೊದಲ್ಲಿ 14 ಮಂದಿ ಹತರಾದ ಮೇಲೆ ಆ ದಾರಿಯೂ ಮುಚ್ಚಿತು. 2017ರಿಂದ, ಕೋವಿಯ ಯಂತ್ರಭಾಗವನ್ನೇ ಬಿಡಿಸದ ಹೊರತು ಮ್ಯಾಗಜಿನ್ ತೆಗೆಯಲು ಬರಬಾರದು. ಬಂದರೆ ಅದು ಕಳಚಬಹುದಾದ ಮ್ಯಾಗಜಿನ್ ಎಂದೇ ಅರ್ಥ. ನಾನು ಕೆಲಸಕ್ಕೆ ಸೇರಬೇಕಿದ್ದ ರಿವರ್‌ಸೈಡ್ ಸ್ಯಾನ್ ಬರ್ನಾರ್ಡಿನೊಗೆ ತೀರಾ ನೆರೆಯ ಊರು. ಆ ಪ್ರಾಂತ್ಯದಲ್ಲಿ ಈ ವಿಷಯವನ್ನು ತಮಾಷೆಯ ದನಿಯಲ್ಲಿ ಆಡುವಂತಿಲ್ಲ ಎಂಬುದು ಅಲ್ಲಿಗೆ ಹೋದ ಮೇಲೆ ಚೆನ್ನಾಗಿ ತಿಳಿಯಿತು.

ಇವನ್ನೆಲ್ಲ ನನಗೆ ಬಿಡಿಸಿ ಹೇಳಿದವರು ಸಕಲೇಶಪುರದ ಕಡೆಯ, ಬಹುಕಾಲದಿಂದ ಕ್ಯಾಲಿಫೋರ್ನಿಯಾದಲ್ಲಿರುವ ಹಿರಿಯ ಸ್ನೇಹಿತರೊಬ್ಬರು. ಬುಲೆಟ್ ಬಟನ್ ಇದ್ದ ಕೋವಿಗಳನ್ನು ರಾಜ್ಯದಲ್ಲಿ ನೋಂದಾಯಿಸಬೇಕಾಗಿ ಬಂದಾಗ ಆ ಗೊಂದಲವನ್ನು ಅವರು ಖುದ್ದಾಗಿ ಅನುಭವಿಸಿದ್ದರು. “ಅಣ್ಣ, ನನಗಿರುವ ದಾರಿ ಯಾವುದು?” ಎಂದು ಫೋನಿನಲ್ಲಿ ಕೇಳಿದಾಗ, “ಎರಡಿವೆ ಮಾರಾಯ್ರೇ. ಮ್ಯಾಗಜಿನ್ ಕಟ್ಟಿ ಹಾಕಿ ಉಳಿದದ್ದನ್ನೆಲ್ಲ ಹಾಗೇ ಇಟ್ಟುಕೊಳ್ಳಿ, ಇಲ್ಲವೇ ಮ್ಯಾಗಜಿನ್ ಬಿಟ್ಟು ಉಳಿದದ್ದನ್ನೆಲ್ಲ ಕಳಚಿ. ನಾನಾದರೆ ಎರಡನೆಯದು ಮಾಡುತ್ತೇನೆ,” ಎಂದರು. ಮೊದಲನೆಯ ಬಗೆಯಲ್ಲಿ ತೋಟಾ ತುಂಬಲು ಪ್ರತಿಸಲವೂ ಕೋವಿಯ ಮೇಲ್ಭಾಗವನ್ನು ಕೆಳಭಾಗದಿಂದ ಬಿಡಿಸಬೇಕು. ಅದಕ್ಕಿಂತ ಮುಖ್ಯವಾಗಿ, ತೋಟಾ ಒಳಗೆ ಸಿಕ್ಕಿಕೊಂಡರೆ ಮೊದಲು ಮ್ಯಾಗಜಿನ್ ತೆಗೆ ಎಂದು ಎಲ್ಲರೂ ಕಲಿಸುವ ಪಾಠವನ್ನೇ ಅಲ್ಲಿ ಪಾಲಿಸಲಾಗುವುದಿಲ್ಲ. ನಾನೂ ಎರಡನೆಯದನ್ನೇ ಆರಿಸಿಕೊಂಡೆ. ಲಕ್ಷಣಗಳಿಲ್ಲದ ಇಂಥ ಕೋವಿಯನ್ನು ಅಲ್ಲಿಯವರು ‘ಫೀಚರ್‌ಲೆಸ್’ ಎನ್ನುತ್ತಾರೆ.

ಕೋವಿ ರಿಪೇರಿಯ ಕಮ್ಮಟ ಫೀನಿಕ್ಸ್‌ನ ಹೊರವಲಯದಲ್ಲಿತ್ತು. ಯಜಮಾನ ಎಪ್ಪತ್ತರ ಆಸುಪಾಸಿನ, ಮಿತಭಾಷಿಯಾದ ಮನುಷ್ಯ. ಆದರೆ ಕ್ಯಾಲಿಫೋರ್ನಿಯಾ ಎಂಬ ಹೆಸರು ಕೇಳಿದರೆ ಮಾತ್ರ ಮಾತು ಕಟ್ಟೆಯೊಡೆಯುತ್ತಿತ್ತು. ಕೋವಿ ಖಾಲಿಯಿದೆಯೆಂದು ನಾನು ತೋರಿಸಿದ್ದನ್ನು ತಾನೂ ಇನ್ನೊಮ್ಮೆ ನೋಡಿಕೊಂಡು, ಬೆಂಚಿನ ಮೇಲಿಟ್ಟು, ಮೂತಿಯಿಂದ ಕೆಲಸ ಶುರುಮಾಡಿದ. ಅಲ್ಲಿದ್ದ ಮಿಂಚಡಗಿಸುವ ಮೂತಿಯನ್ನು ತಿರುಚಿ ತೆಗೆದು, ಒದೆತ ತಗ್ಗಿಸುವ ಮಜಲ್ ಬ್ರೇಕನ್ನು ಹಾಕಿದ. ನೋಡುವವರಿಗೆ ಎರಡೂ ಸೀಳುಗಳಿರುವ ಉಕ್ಕಿನ ತುಂಡುಗಳೇ. ಒಂದು ಗುಂಡಿನ ಬೆಂಕಿ ಕಣ್ಣಿಗೆ ಹೊಡೆಯದಂತೆ ಚದುರಿಸುತ್ತದೆ, ಇನ್ನೊಂದು ಅನಿಲವನ್ನು ಪಕ್ಕಕ್ಕೆ ಹೊರಳಿಸಿ ಭುಜಕ್ಕೆ ಬೀಳುವ ಪೆಟ್ಟನ್ನು ಕಡಿಮೆ ಮಾಡುತ್ತದೆ. ಮೊದಲನೆಯದಕ್ಕೆ ನಿಷೇಧ, ಎರಡನೆಯದಕ್ಕೆ ಅನುಮತಿ. ಈ ಎರಡನೆಯದರ ಶಬ್ದ ಎಷ್ಟು ಕರ್ಕಶವೆಂದರೆ ಪಕ್ಕದಲ್ಲಿ ಗುರಿ ಹಿಡಿದು ನಿಂತವರು ಶಾಪ ಹಾಕದೆ ಇರಲಾರರು. ಮಿಂಚನ್ನೂ ಅಡಗಿಸುತ್ತದೆ ಎಂದು ತಯಾರಕರು ಎಲ್ಲಿಯೂ ಹೇಳಿಕೊಳ್ಳದ ಮಾದರಿಯನ್ನೇ ಹುಡುಕಿ ತರಿಸಿದ್ದೇನೆಂದು ಯಜಮಾನ ಎರಡು ಸಲ ಹೇಳಿದ.

ಅನಂತರ ಸ್ಟಾಕ್. ನನ್ನದು ಆರು ಹಂತಗಳಲ್ಲಿ ಉದ್ದ ಗಿಡ್ಡ ಮಾಡಬಹುದಾದದ್ದು. ನನ್ನ ಹೆಂಡತಿಯೂ ಗುರಿ ಅಭ್ಯಾಸದ ರೇಂಜಿಗೆ ಬಂದು ಗುರಿ ಹಿಡಿಯುತ್ತಾಳೆ. ಅವಳ ತೋಳು ನನ್ನದಕ್ಕಿಂತ ಗಿಡ್ಡ. ಆದ್ದರಿಂದ ಆ ಸೌಲಭ್ಯ ನಮಗೆ ನಿಜಕ್ಕೂ ಬೇಕಿತ್ತು. ಅದರ ಜಾಗಕ್ಕೆ ಒಂದೇ ಅಳತೆಯ, ಅಲುಗಾಡದ ಸ್ಟಾಕ್ ಬಂತು. ಮುಂಭಾಗದ ಹಿಡಿಯನ್ನು ಒಂದು ತಿರುಪು ಸಡಿಲಿಸಿ ತೆಗೆದದ್ದಾಯಿತು. ಬಳಿಕ ನಳಿಗೆಯ ತುದಿಯಿಂದ ಸ್ಟಾಕಿನ ತುದಿಯವರೆಗೆ ಅಳತೆ ಹಿಡಿದು, ಒಟ್ಟು ಉದ್ದ 30 ಅಂಗುಲಕ್ಕಿಂತ ಹೆಚ್ಚಿದೆಯೆಂದು ಯಜಮಾನ ಕಾಗದದ ಮೇಲೆ ಬರೆದುಕೊಂಡ. ಅದಕ್ಕಿಂತ ಗಿಡ್ಡವಾದರೆ ಬೇರೇನೂ ಇಲ್ಲದಿದ್ದರೂ ಅದು ನಿಷಿದ್ಧವೇ.

ಹೊತ್ತು ಹಿಡಿದದ್ದು ಹಿಡಿಯ ಕೆಲಸ. ಟ್ರಿಗರ್ ಹಿಡಿಯುವ ಕೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮದ ಮಡಿಕೆ, ಗುಂಡು ಹಾರಿಸುವಾಗ, ಟ್ರಿಗರ್‌ನ ಹೊರಗೆ ಕಾಣುವ ಭಾಗದ ಮೇಲ್ತುದಿಗಿಂತ ಕೆಳಗೆ ಇರಲು ಸಾಧ್ಯವಾದರೆ ಅದು ಪಿಸ್ತೂಲಿನ ಹಿಡಿ ಎಂದು ಅಲ್ಲಿಯ ನಿಯಮ ಹೇಳುತ್ತದೆ. ಅದನ್ನು ತಪ್ಪಿಸಲು ಹಿಡಿಯ ಹಿಂದೆ ಮೀನಿನ ರೆಕ್ಕೆಯಂಥ ಒಂದು ಅಡ್ಡಪಟ್ಟಿ ಬರುತ್ತದೆ. ಅದಿದ್ದರೆ ಹೆಬ್ಬೆರಳು ಸುತ್ತಿ ಬರಲಾರದು. ಅಂಗೈ ಮೇಲೇ ಉಳಿಯುತ್ತದೆ. ಯಜಮಾನ ಅದನ್ನು ಕೂರಿಸಿ, ನನ್ನ ಕೈಗೆ ಕೋವಿ ಕೊಟ್ಟು, ಟ್ರಿಗರ್‌ನ ಮೇಲಂಚಿಗೆ ಒಂದು ಅಡಿಪಟ್ಟಿ ಹಿಡಿದು, ಅಂಗೈಯ ಮಡಿಕೆ ಎಲ್ಲಿ ನಿಂತಿದೆಯೆಂದು ಕನ್ನಡಕ ಏರಿಸಿಕೊಂಡು ನೋಡಿದ. ಆಗ ಗಮನಕ್ಕೆ ಬಂದದ್ದು ಇನ್ನೊಂದು ಸಂಗತಿ. ಈ ಕೋವಿಯ ಸೇಫ್ಟಿ, ಅಂದರೆ ಗುಂಡು ಹಾರದಂತೆ ಹಾಕುವ ತಡೆ, ಇರುವುದು ಎಡಬದಿಯಲ್ಲಿ, ಬಲಗೈಯ ಹೆಬ್ಬೆರಳು ಸುತ್ತಿ ಬಂದು ತಲುಪುವಲ್ಲಿ. ಹೆಬ್ಬೆರಳು ಈಗ ಬಲಬದಿಯಲ್ಲೇ ಸೆರೆಯಾಗಿದ್ದರಿಂದ, ಸೇಫ್ಟಿ ಹಾಕಲು ಪ್ರತಿಸಲವೂ ಕೈಯನ್ನೇ ತೆಗೆಯಬೇಕಾಗುತ್ತಿತ್ತು. ಎರಡೂ ಬದಿಗಳಲ್ಲಿ ಕೆಲಸ ಮಾಡುವ ಸೇಫ್ಟಿಯನ್ನು ಹಾಕಿಸಿಕೊಂಡೆ. ಆ ದಿನ ನಾನು ಕೊಟ್ಟ ಹಣದಲ್ಲಿ ಮನಃಪೂರ್ವಕವಾಗಿ ಕೊಟ್ಟದ್ದು ಇದೊಂದಕ್ಕೆ.

ಗೋಡೆಯ ಮೇಲೆ ಮರದ ಸ್ಟಾಕ್ ಇರುವ ರೂಗರ್ ಮಿನಿ-14 ಎಂಬ ಅರೆಸ್ವಯಂಚಾಲಿತ ರೈಫಲ್ ಒಂದು ತೂಗುತ್ತಿತ್ತು. ಯಜಮಾನ ಅದರತ್ತ ಗದ್ದ ಎತ್ತಿ, “ಅದೂ ಇದೇ ತೋಟಾವನ್ನು ಇದೇ ವೇಗದಲ್ಲಿ ಹಾರಿಸುತ್ತದೆ. ಅದನ್ನು ನಾನು ಮುಟ್ಟಬೇಕಾಗಿಯೂ ಇಲ್ಲ, ಹಾಗೆಯೇ ತೆಗೆದುಕೊಂಡು ಹೋಗಬಹುದು. ಹಿಡಿ ಕೆಳಗಿಳಿದಿಲ್ಲ ನೋಡು,” ಎಂದ. ಅವನ ಮಾತಿನಲ್ಲಿ ಹುರುಳಿತ್ತು. ಆದರೆ ಅದರಿಂದ ಅವನು ಎಳೆದ ತೀರ್ಮಾನ, ಅಂದರೆ ಇಡೀ ಕಾನೂನೇ ಮೂರ್ಖರದ್ದು ಎಂಬುದು, ನನಗೆ ಒಪ್ಪಿಗೆಯಾಗಲಿಲ್ಲ.

ನಾನು ಕೊಡಗಿನವನು. ಆಯುಧ ಪೂಜಿಸುವ ಕೈಲ್ ಮುಹೂರ್ತದ ಹಬ್ಬದ ದಿನ ನಮ್ಮ ಐನ್‌ಮನೆಯಲ್ಲಿ ಅಪ್ಪನ ಜೋಡುನಳಿಗೆಯ ಕೋವಿಗೆ ಗಂಧ ಹಚ್ಚಿ, ನಳಿಗೆಗೆ ಕೋವಿ ಹೂ ಸಿಕ್ಕಿಸಿ, ಪೂಜೆ ಮುಗಿದ ಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವನು. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಂತೆ ಕೊಡವರಿಗೂ ಜಮ್ಮಾ (ಕೊಡಗಿನ ಪಾರಂಪರಿಕ ಭೂಹಕ್ಕಿನ) ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕಿದೆ; ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಅಲ್ಲಿ ಕಾನೂನು ಮೊದಲು ಕೇಳುವುದು ಕೋವಿ ಹಿಡಿದವನು ಯಾರ ಮಗ, ಯಾವ ಜಮೀನಿನವನು ಎಂದು. ಕ್ಯಾಲಿಫೋರ್ನಿಯಾದ ಈ ಕಾನೂನು ನನ್ನ ಕುಲವನ್ನಾಗಲಿ ಜಮೀನನ್ನಾಗಲಿ ಕೇಳದೆ, ನನ್ನ ಅಂಗೈ ಎಲ್ಲಿ ಕೂತಿದೆಯೆಂದು ಅಡಿಪಟ್ಟಿ ಹಿಡಿದು ನೋಡುತ್ತಿತ್ತು. ಮೊದಲನೆಯದರಿಂದ ಲಾಭ ಪಡೆದವನಾಗಿ ಎರಡನೆಯದನ್ನು ನೋಡಿ ನಗುವುದು ನನಗೆ ಅಷ್ಟು ಸುಲಭವಾಗಿರಲಿಲ್ಲ.

ಅಂಗಾಂಗಗಳ ಪಟ್ಟಿಯ ಬಗ್ಗೆ ನನಗಿರುವ ಸಂಶಯ ಮ್ಯಾಗಜಿನ್‌ಗಳ ಮಿತಿಯ ಬಗ್ಗೆ ಇಲ್ಲ. 10 ತೋಟಾಕ್ಕಿಂತ ಹೆಚ್ಚು ಹಿಡಿಯುವ ಮ್ಯಾಗಜಿನ್‌ಗಳನ್ನು ಕ್ಯಾಲಿಫೋರ್ನಿಯಾಕ್ಕೆ ತರುವಂತಿಲ್ಲ. ಸ್ಟಾಕ್ಟನ್‌ನ ಹಂತಕನ ಬಳಿ 75 ತೋಟಾ ಹಿಡಿಯುವ ದುಂಡು ಮ್ಯಾಗಜಿನ್ ಇತ್ತು. ನಡುವೆ ಬದಲಿಸಬೇಕಾಗಿ ಬಂದರೆ ಸಿಗುವ ಕೆಲವೇ ಕ್ಷಣಗಳಲ್ಲಿ ಒಂದು ಮಗು ಓಡಿ ಗೋಡೆಯ ಮರೆ ಸೇರಬಹುದು. ರೆಕ್ಕೆಪಟ್ಟಿಯಿಂದ ಯಾರ ಜೀವ ಉಳಿಯುತ್ತದೆಂದು ನನಗೆ ಯಾರೂ ತೋರಿಸಿಕೊಟ್ಟಿಲ್ಲ. ಈ ಮಿತಿಯಿಂದ ಉಳಿಯಬಹುದೆಂದು ನನಗೆ ನಾನೇ ಹೇಳಿಕೊಳ್ಳಬಲ್ಲೆ. ನನ್ನ 30 ತೋಟಾದ ಮ್ಯಾಗಜಿನ್‌ಗಳನ್ನೂ ಕಳಚಿದ ಭಾಗಗಳನ್ನೂ ಕಮ್ಮಟದಲ್ಲೇ ಬಿಟ್ಟೆ. “ಆ ಬಿಡಿಭಾಗಗಳ ಡಬ್ಬಿ ಗಾಡಿಯಲ್ಲೂ ಬೇಡ, ಮನೆಯಲ್ಲೂ ಬೇಡ. ಆಮೇಲೆ ವಕೀಲರಿಗೆ ಕೆಲಸ ಕೊಡಬೇಡಿ,” ಎಂದು ಅಣ್ಣ ಮೊದಲೇ ಎಚ್ಚರಿಸಿದ್ದರು.

ಪಯಣದ ದಿನ ಖಾಲಿ ಕೋವಿಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ತೋಟಾ ಒಂದನ್ನೂ ಒಯ್ಯದೆ, 10ನೇ ಹೆದ್ದಾರಿಯಲ್ಲಿ ಹೊರಟೆವು. ನದಿ ದಾಟಿದ ಕೂಡಲೇ ಬ್ಲೈತ್ ಬಳಿ ರಾಜ್ಯದ ತಪಾಸಣಾ ಕಟ್ಟೆ. ಅಲ್ಲಿಯ ಸಿಬ್ಬಂದಿ ಕೇಳಿದ್ದು ಹಣ್ಣು, ಗಿಡ ಏನಾದರೂ ಇದೆಯೇ ಎಂದು ಮಾತ್ರ. ಕಿತ್ತಳೆ ತೋಟಗಳ ನಾಡಿಗೆ ಹೊರಗಿನ ಕೀಟ ಬರಬಾರದೆಂಬ ಕಾಳಜಿ. ಕೋವಿಯ ಮಾತನ್ನು ಯಾರೂ ಎತ್ತಲಿಲ್ಲ. ಹೊಸದಾಗಿ ಬಂದವರು 60 ದಿನಗಳೊಳಗೆ ತಮ್ಮ ಕೋವಿಯ ವಿವರವನ್ನು ರಾಜ್ಯದ ನ್ಯಾಯ ಇಲಾಖೆಗೆ ಒಪ್ಪಿಸಬೇಕು. ಅದನ್ನು ಮೊದಲ ವಾರದಲ್ಲೇ ಮಾಡಿ ಮುಗಿಸಿದೆ.

ಅದೇ ವರ್ಷ ಅಕ್ಟೋಬರ್ 19ರಂದು ಸ್ಯಾನ್ ಡಿಯಾಗೋದ ಫೆಡರಲ್ ನ್ಯಾಯಾಧೀಶರಾದ ರೋಜರ್ ಬೆನಿಟೆಜ್, ಈ ಅಸಾಲ್ಟ್ ವೆಪನ್ ನಿಷೇಧ ಸಂವಿಧಾನಬಾಹಿರವೆಂದು ತೀರ್ಪಿತ್ತರು. 2021ರಲ್ಲೂ ಅವರು ಹೀಗೇ ಹೇಳಿದ್ದರು; ಆಗ ಎಆರ್-15 ಅನ್ನು ಹಲವು ಕೆಲಸಕ್ಕೊದಗುವ ಸ್ವಿಸ್ ಆರ್ಮಿ ಚಾಕುವಿಗೆ ಹೋಲಿಸಿ ದೇಶದಾದ್ಯಂತ ಟೀಕೆಗೊಳಗಾಗಿದ್ದರು. ಸುದ್ದಿ ಕೇಳಿದ ಕಮ್ಮಟದ ಯಜಮಾನ ಫೋನು ಮಾಡಿ, ಹಳೆಯ ಭಾಗಗಳನ್ನು ಅಂಚೆಯಲ್ಲಿ ಕಳುಹಿಸಲೇ ಎಂದು ಸಂಭ್ರಮದಿಂದ ಕೇಳಿದ. ಅಣ್ಣನನ್ನು ಕೇಳಿದರೆ, “ಸ್ವಲ್ಪ ತಡೀರಿ, ಮೇಲಿನ ಕೋರ್ಟಿನವರು ಇನ್ನೂ ಬಾಯಿ ಬಿಟ್ಟಿಲ್ಲ,” ಎಂದರು. ಅವರೆಂದಂತೆ ಮೇಲ್ಮನವಿ ನ್ಯಾಯಾಲಯ ತೀರ್ಪಿಗೆ ತಡೆ ನೀಡಿತು, ನಿಷೇಧ ಜಾರಿಯಲ್ಲೇ ಉಳಿಯಿತು. 2025ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ 10 ತೋಟಾದ ಮಿತಿಯನ್ನೂ ಎತ್ತಿ ಹಿಡಿಯಿತು.

ಅಲ್ಲಿಂದೀಚೆಗೆ ಕೋವಿಯಲ್ಲಿ ಮಾಡಿಸಿದ ಬದಲಾವಣೆ ಒಂದೇ. ಹೆಂಡತಿ ರೇಂಜಿನಲ್ಲಿ ಅದನ್ನು ಭುಜಕ್ಕೇರಿಸಿ, “ಇದು ನಿಮ್ಮ ಕೈಗೆ ಮಾಡಿಸಿದ್ದು, ನನಗೆ ಕತ್ತು ಚಾಚಬೇಕಾಗುತ್ತದೆ,” ಎಂದು ಆಕ್ಷೇಪಿಸಿದ್ದರಿಂದ, ಇನ್ನೂ ಗಿಡ್ಡವಾದ, ಆದರೆ ಅಷ್ಟೇ ಅಚಲವಾದ ಸ್ಟಾಕನ್ನು ಹಾಕಿಸಿ ಉದ್ದವನ್ನು ಮತ್ತೊಮ್ಮೆ ಅಳೆಸಿದೆ. 30 ಅಂಗುಲಕ್ಕಿಂತ ಸಾಕಷ್ಟು ಹೆಚ್ಚೇ ಇತ್ತು. ಈಗ ಕತ್ತು ಕುಗ್ಗಿಸಬೇಕಾಗಿರುವುದು ನಾನು.