ಬೆಂಚ್ ವೈಸ್ ಆರಿಸುವಾಗ ಅಳತೆಗಿಂತ ಮೊದಲು ನೋಡಬೇಕಾದದ್ದು

ಮನೆಯ ವರ್ಕ್‌ಶಾಪಿಗೆ ವೈಸ್ (ಕೆಲಸದ ತುಂಡನ್ನು ಎರಡು ದವಡೆಗಳ ನಡುವೆ ಬಿಗಿದು ಹಿಡಿಯುವ ಸಾಧನ) ಕೊಳ್ಳಲು ಹೊರಟವರು ಮೊದಲು ಕೇಳುವುದು "ಎಷ್ಟು ಇಂಚಿನದು ತೆಗೆದುಕೊಳ್ಳಲಿ?" ಎಂದು. ಫಿಟ್ಟಿಂಗ್ ಕೆಲಸದವರು ಇದೇ ಪ್ರಶ್ನೆಯನ್ನು ಕೊನೆಗೆ ಕೇಳುತ್ತಾರೆ. ದವಡೆಯ ಅಗಲ 100 ಮಿ.ಮೀ. ಎಂದು ಬರೆದ ಎರಡು ವೈಸ್‌ಗಳನ್ನು ಎತ್ತಿ ನೋಡಿದರೆ ಒಂದು ಇನ್ನೊಂದರ ಒಂದೂವರೆಪಟ್ಟು ತೂಗುವುದುಂಟು. ಅಳತೆ ಒಂದೇ, ಒಳಗಿನ ಲೋಹ ಬೇರೆ, ಕೆಲಸ ಪೂರ್ತಿ ಬೇರೆ. ದವಡೆ ಮುಚ್ಚಿಟ್ಟಾಗ ಎಲ್ಲ ವೈಸ್‌ಗಳೂ ಗಟ್ಟಿಯಾಗಿಯೇ ಕಾಣುತ್ತವೆ. ಬಂಡವಾಳ ಬಯಲಾಗುವುದು ತೆರೆದಾಗ.

ಹಾಗಾಗಿ ಅಂಗಡಿಯಲ್ಲಿ ಮಾಡಬೇಕಾದ ಮೊದಲ ಕೆಲಸ, ಹ್ಯಾಂಡಲ್ ತಿರುಗಿಸಿ ಮುಂದಿನ ದವಡೆಯನ್ನು ಅದರ ಪೂರ್ತಿ ಓಟದ ಮೂರನೇ ಎರಡು ಭಾಗದಷ್ಟು ಹೊರಗೆ ತರುವುದು. ಆಮೇಲೆ ಆ ದವಡೆಯ ನೆತ್ತಿಯನ್ನು ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಕೂದಲೆಳೆಯಷ್ಟು ಆಟ ಎಲ್ಲದರಲ್ಲೂ ಇರುತ್ತದೆ, ಇರಲೇಬೇಕು. ಇಲ್ಲದಿದ್ದರೆ ಸ್ಲೈಡ್, ಅಂದರೆ ಮುಂದಿನ ದವಡೆಯನ್ನು ಹೊತ್ತು ಬಾಡಿಯೊಳಗೆ ಓಡಾಡುವ ತೊಲೆ, ಜಾರುವುದೇ ಇಲ್ಲ. ಒಂದೆರಡು ಮಿ.ಮೀ. ಆಡಿ ಟಕಟಕ ಸದ್ದು ಬಂದರೆ, ಸ್ಲೈಡನ್ನೂ ಅದು ಕೂರುವ ಗೂಡನ್ನೂ ಮೆಷೀನ್ ಮಾಡದೆ ಎರಕ ಹೊಯ್ದ ಹಾಗೆಯೇ ಬಿಟ್ಟಿದ್ದಾರೆ ಎಂದರ್ಥ. ಸ್ಲೈಡಿನ ಕೆಳಗೂ ಪಕ್ಕದಲ್ಲೂ ಕಟರ್ ಓಡಿದ ಹೊಳಪು ಇದೆಯೇ, ಬಣ್ಣ ಬಳಿದಿದ್ದಾರೆಯೇ ನೋಡಿ. ಜಾರುವ ಮೈಗೆ ಬಣ್ಣ ಬಳಿದ ವೈಸನ್ನು ಅಲ್ಲೇ ಬಿಟ್ಟುಬಿಡಬಹುದು.

ಈ ಆಟಕ್ಕೆ ಇಷ್ಟು ಮಹತ್ವ ಏಕೆಂದರೆ, ಸ್ಕ್ರೂ ಎಳೆಯುವುದು ಕೆಳಗೆ, ಜಾಬ್ (ದವಡೆಯಲ್ಲಿ ಹಿಡಿಸಿದ ತುಂಡು) ಇರುವುದು ಮೇಲೆ. ಬಿಗಿಯುತ್ತಾ ಹೋದಂತೆ ಮುಂದಿನ ದವಡೆ ತುಸು ಹೊರಕ್ಕೆ ವಾಲುತ್ತದೆ, ನೆತ್ತಿ ತೆರೆದುಕೊಳ್ಳುತ್ತದೆ. ಸ್ಲೈಡ್ ಸಡಿಲ ಇದ್ದಷ್ಟೂ ವಾಲುವುದು ಹೆಚ್ಚು. ಆಗ ತಗಡಿನಂಥ ತೆಳು ಜಾಬ್ ಕೆಳಗಂಚಿನಲ್ಲಿ ಮಾತ್ರ ಸಿಕ್ಕಿಕೊಳ್ಳುತ್ತದೆ. ಅರ ಹಾಕಿದ ಕೂಡಲೇ ಮೇಲ್ಭಾಗ ಗುಂಯ್‌ಗುಟ್ಟುತ್ತದೆ. ಒಳ್ಳೆಯ ತಯಾರಕರು ಇದಕ್ಕೆಂದೇ ದವಡೆಗಳ ಮೇಲಂಚು ಮೊದಲು ಕೂಡುವಂತೆ, ಕೆಳಗೆ ಕೂದಲೆಳೆ ಸಂದು ಉಳಿಯುವಂತೆ ಮಾಡಿರುತ್ತಾರೆ. ಬಿಗಿದಾಗ ಆ ಸಂದು ಮುಚ್ಚಿ ಎರಡೂ ಮುಖ ಸಮನಾಗುತ್ತವೆ.

ಇದನ್ನು ಕಾಗದದಿಂದ ಪರೀಕ್ಷಿಸಬಹುದು. ಬೆರಳಗಲದ ನಾಲ್ಕು ತೆಳು ಕಾಗದದ ಪಟ್ಟಿ ಸಾಕು. ಎರಡನ್ನು ದವಡೆಯ ಮೇಲಿನ ಎರಡು ಮೂಲೆಗಳಲ್ಲಿ ಇಟ್ಟು, ಎರಡು ಬೆರಳಿನಲ್ಲಿ ಹ್ಯಾಂಡಲ್ ತಿರುಗಿಸಿದಷ್ಟೇ ಬಿಗಿ ಕೊಟ್ಟು ಎಳೆಯಿರಿ. ಎರಡೂ ಸಮನಾಗಿ ಹಿಡಿದಿರಬೇಕು. ಈಗ ಉಳಿದೆರಡನ್ನು ಬದಿಗಳಿಂದ ಕೆಳಗಿನ ಮೂಲೆಗಳಿಗೆ ತೂರಿಸಿ, ಹಾಗೆಯೇ ನೋಡಿ. ಇಲ್ಲಿ ಪಟ್ಟಿ ತುಸು ಜಾರಿದರೆ ಚಿಂತೆಯಿಲ್ಲ, ಚೆನ್ನಾಗಿ ಬಿಗಿದ ಮೇಲೆ ಹಿಡಿಯಬೇಕು. ಕೆಳಗೆ ಭದ್ರವಾಗಿ ಹಿಡಿದು ಮೇಲೆ ಸಲೀಸಾಗಿ ಬಂದರೆ ಆ ವೈಸ್ ಬೇಡ. ಎಡಕ್ಕೆ ಹಿಡಿದು ಬಲಕ್ಕೆ ಬಿಟ್ಟರೆ ಮಾತ್ರ ಒಂದು ನಿಮಿಷ ತಡೆಯಿರಿ: ಜಾ ಪ್ಲೇಟಿನ (ದವಡೆಯ ಮುಖಕ್ಕೆ ಸ್ಕ್ರೂ ಹಾಕಿ ಕೂರಿಸಿದ ಪಟ್ಟಿ) ಹಿಂದೆ ಬಣ್ಣದ ಗಡ್ಡೆಯೋ ಲೋಹದ ಚೂರೋ ಸಿಕ್ಕಿಕೊಂಡಿರಬಹುದು. ಪ್ಲೇಟ್ ಬಿಚ್ಚಿ, ಒರಸಿ, ಮತ್ತೆ ಕೂರಿಸಿ ನೋಡಿದಾಗಲೂ ಹಾಗೆಯೇ ಇದ್ದರೆ ಎರಕವೇ ಸೊಟ್ಟ.

ಇನ್ನು ಸ್ಕ್ರೂ ಮತ್ತು ನಟ್. ಅಂಗಡಿಯವರು ಒಪ್ಪಿದರೆ ಮುಂದಿನ ದವಡೆಯನ್ನು ಪೂರ್ತಿ ಹೊರಗೆ ತೆಗೆದೇ ನೋಡಬೇಕು. ಕೊನೆಯ ನಾಲ್ಕೈದು ಸುತ್ತಿನಲ್ಲಿ ಒಂದು ಕೈ ದವಡೆಯ ಕೆಳಗಿರಲಿ. ಥ್ರೆಡ್ ಬಿಟ್ಟ ಕ್ಷಣಕ್ಕೆ ಅದು ನೇರ ಕಾಲಿನ ಮೇಲೆ ಬೀಳುತ್ತದೆ. ಸ್ಕ್ರೂವಿನ ಥ್ರೆಡ್ ಚೌಕವಾಗಿಯೋ, ಮೇಲೆ ಕಿರಿದು ಬುಡದಲ್ಲಿ ಅಗಲವಾದ ಟ್ರೆಪೆಜಾಯ್ಡಲ್ ಆಕಾರದಲ್ಲಿಯೋ ಇರಬೇಕು. ಮಾಮೂಲಿ ಬೋಲ್ಟಿನಂತೆ ಚೂಪು ಥ್ರೆಡ್ ಇದ್ದರೆ ಘರ್ಷಣೆ ಹೆಚ್ಚು, ಸವೆತವೂ ಬೇಗ. ಈ ಥ್ರೆಡ್ ಹೊರುವ ಭಾರ ಎಷ್ಟೆಂದರೆ, 22 ಮಿ.ಮೀ. ದಪ್ಪದ, 5 ಮಿ.ಮೀ. ಪಿಚ್ಚಿನ (ಒಂದು ಸುತ್ತಿಗೆ ಅಷ್ಟು ಸಾಗುವ) ಸ್ಕ್ರೂವನ್ನು 250 ಮಿ.ಮೀ. ದೂರದಿಂದ 20 ಕಿಲೋದಷ್ಟು ಬಲದಿಂದ ತಿರುಗಿಸಿದರೆ, ಘರ್ಷಣೆಗೆ ಹೋದದ್ದು ಕಳೆದೂ ದವಡೆಯ ಮೇಲೆ ಸುಮಾರು ಒಂದು ಟನ್ ಒತ್ತಡ ಬೀಳುತ್ತದೆ. ಅಷ್ಟನ್ನೂ ನಟ್ಟಿನ ಕೆಲವೇ ಸುತ್ತುಗಳು ತಾಳಬೇಕು.

ನಟ್ ಎಲ್ಲಿದೆ ಎಂದು ಗೂಡಿನೊಳಗೆ ಟಾರ್ಚ್ ಬಿಟ್ಟು ನೋಡಿ. ಬಿಚ್ಚಿ ತೆಗೆಯಬಹುದಾದ ಬೇರೆ ತುಂಡಾಗಿದ್ದರೆ ಒಳ್ಳೆಯದು. ಸವೆದ ದಿನ ಅದೊಂದನ್ನೇ ಬದಲಿಸಬಹುದು. ಬಾಡಿಯ ಎರಕದಲ್ಲೇ ಥ್ರೆಡ್ ಹೊಡೆದಿದ್ದರೆ, ಅದು ಸವೆದ ದಿನ ವೈಸ್ ಬಾಳು ಮುಗಿದ ಹಾಗೆ.

ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸಿದ ಕೂಡಲೇ ದವಡೆ ಹಿಂಬಾಲಿಸಬೇಕು. ಕಾಲು ಸುತ್ತು ಸುಮ್ಮನೆ ತಿರುಗಿದರೆ ಸಹಜ. ಅರ್ಧ ಸುತ್ತಿಗಿಂತ ಹೆಚ್ಚಾದರೆ ಕಾರಣ ಹುಡುಕಬೇಕು, ವಿಶೇಷವಾಗಿ ಹಳೆಯ ವೈಸ್ ಕೊಳ್ಳುವಾಗ. ಮುಂದಿನ ದವಡೆಯನ್ನು ಎರಡು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಜಗ್ಗಿ ನೋಡಿ. ದವಡೆ ಮಾತ್ರ ಆಡಿ ಸ್ಕ್ರೂ ನಿಂತಲ್ಲೇ ನಿಂತರೆ, ದವಡೆಯ ಹಿಂದುಗಡೆ ಸ್ಕ್ರೂವನ್ನು ತಡೆದು ಹಿಡಿಯುವ ವಾಷರ್, ಸ್ಪ್ರಿಂಗ್ ಅಥವಾ ಪಿನ್ ಸಡಿಲವಾಗಿದೆ. ಅದು ಹತ್ತು ನಿಮಿಷದ ರಿಪೇರಿ. ಸ್ಕ್ರೂ ಮತ್ತು ದವಡೆ ಎರಡೂ ಒಟ್ಟಿಗೆ ಆಡಿದರೆ ನಟ್ ತಿಂದುಹೋಗಿದೆ. ಬೇರೆ ನಟ್ ಸಿಗುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳದೆ ದುಡ್ಡು ಕೊಡಬೇಡಿ.

ಬಾಡಿಯ ಲೋಹದ ವಿಷಯ. ಹೆಚ್ಚಿನ ವೈಸ್‌ಗಳು ಮಾಮೂಲಿ ಬೀಡಿನವು (ಕಾಸ್ಟ್ ಐರನ್). ಬೀಡಿನೊಳಗೆ ಗ್ರಾಫೈಟ್ ತೆಳು ಹಾಳೆಗಳಂತೆ ಹರಡಿರುತ್ತದೆ. ಬಿರುಕು ಒಂದು ಹಾಳೆಯಿಂದ ಇನ್ನೊಂದಕ್ಕೆ ದಾರಿ ಮಾಡಿಕೊಂಡು ಓಡುತ್ತದೆ, ಬಾಗುವ ಸೂಚನೆಯನ್ನೂ ಕೊಡದೆ ಒಮ್ಮೆಗೇ ಮುರಿಯುತ್ತದೆ. ಎಸ್‌.ಜಿ. ಐರನ್ ಎಂಬುದರಲ್ಲಿ ಅದೇ ಗ್ರಾಫೈಟ್ ಗುಂಡುಗುಂಡಾಗಿ ಕುಳಿತಿರುತ್ತದೆ, ಬಿರುಕಿಗೆ ದಾರಿ ಸಿಗುವುದಿಲ್ಲ. ಮಾಮೂಲಿ ಬೀಡು ಎಳೆತಕ್ಕೆ ತಾಳುವುದು ಚದರ ಮಿ.ಮೀ.ಗೆ 150ರಿಂದ 250 ನ್ಯೂಟನ್, ಎಸ್‌.ಜಿ. ಐರನ್ 400ಕ್ಕೂ ಮೇಲೆ, ಅದೂ ತುಸು ಬಾಗಿ ಎಚ್ಚರಿಸಿದ ಮೇಲೆ. ಫೋರ್ಜ್ ಮಾಡಿದ (ಕಾಯಿಸಿ ಬಡಿದು ರೂಪ ಕೊಟ್ಟ) ಉಕ್ಕಿನದು ಇವೆರಡಕ್ಕಿಂತ ಮಿಗಿಲು, ಬೆಲೆಯೂ ಹಾಗೆಯೇ. ಹಾಗೆಂದು ಬೀಡನ್ನು ತಳ್ಳಿಹಾಕಬೇಕಿಲ್ಲ. ದಪ್ಪ ಎರಕದ ಹಳೆಯ ಬೀಡಿನ ವೈಸ್‌ಗಳು ತಲೆಮಾರುಗಟ್ಟಲೆ ದುಡಿಯುತ್ತಿವೆ. ಅರ ಹಾಕುವುದು, ಹ್ಯಾಕ್ಸಾ ಕತ್ತರಿಸುವುದು, ಟ್ಯಾಪ್ ಹೊಡೆಯುವುದು (ತೂತಿನೊಳಗೆ ಥ್ರೆಡ್ ಕೊರೆಯುವುದು) ಇಷ್ಟೇ ಕೆಲಸವಾದರೆ ಗಟ್ಟಿ ಬೀಡು ಧಾರಾಳ ಸಾಕು. ಪಟ್ಟಿ ಬಗ್ಗಿಸುವುದು, ಬೇರಿಂಗ್ ಒತ್ತಿ ಕೂರಿಸುವುದು, ಸುತ್ತಿಗೆ ಕೆಲಸ ಇದ್ದರೆ ಮಾತ್ರ ಎಸ್‌.ಜಿ. ಐರನ್ನಿಗೆ ಹೆಚ್ಚಿನ ದುಡ್ಡು ಕೊಡಿ.

ಹಳೆಯದಕ್ಕೆ ಹೊಸ ಬಣ್ಣ ಬಳಿದಿದ್ದರೆ ಅನುಮಾನಿಸಿ. ಬಣ್ಣದ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಬಿರುಕು ಇರಬಹುದು. ಹಿಂದಿನ ದವಡೆ ಬಾಡಿಗೆ ಕೂಡುವ ಮೂಲೆ, ಜಾ ಪ್ಲೇಟಿನ ಸ್ಕ್ರೂ ತೂತುಗಳ ಸುತ್ತ, ಬೇಸಿನ ಬೋಲ್ಟ್ ಕಿವಿಗಳು, ಈ ಮೂರು ಕಡೆ ಬೆಳಕು ಹಿಡಿದು ನೋಡಿ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಒಡಕು ದನಿ ಬಂದರೆ ಬೇಡ. ವೆಲ್ಡ್ ಮಾಡಿದ ಬೀಡನ್ನು ಅಗ್ಗಕ್ಕೆ ಕೊಟ್ಟರೂ ತರಬೇಡಿ. ವೆಲ್ಡಿನ ಪಕ್ಕದ ಲೋಹ ಗಾಜಿನ ಹಾಗೆ ಪೆಡಸಾಗಿರುತ್ತದೆ, ಮುಂದಿನ ಬಿರುಕು ಅಲ್ಲೇ ಹುಟ್ಟುತ್ತದೆ.

ಈಗ ಅಳತೆ. ಮನೆಯ ಕೆಲಸಕ್ಕೆ 100 ಅಥವಾ 125 ಮಿ.ಮೀ. ದವಡೆ ಸರಿ. ನನ್ನ ಒಲವು 125ರ ಕಡೆಗೆ, ಬೆಂಚು ಅದನ್ನು ಹೊರುವಂತಿದ್ದರೆ. 75 ಮಿ.ಮೀ.ನದು ಸಣ್ಣ ಎಲೆಕ್ಟ್ರಿಕಲ್ ಕೆಲಸಕ್ಕೆ ಮಾತ್ರ. 150 ಮಿ.ಮೀ.ನ ವೈಸನ್ನು ಹಗುರ ಬೆಂಚಿಗೆ ಕೂರಿಸಿದರೆ ಬಿಗಿದಾಗಲೆಲ್ಲ ಬೆಂಚೇ ತಿರುಗಿ ನಿಲ್ಲುತ್ತದೆ. ಅಗಲದ ಜೊತೆ ಇನ್ನೆರಡು ಅಳತೆ ಕೇಳಿ: ದವಡೆ ಎಷ್ಟು ತೆರೆಯುತ್ತದೆ, ದವಡೆಯ ನೆತ್ತಿಯಿಂದ ಸ್ಲೈಡಿನ ಮೇಲ್ಮೈವರೆಗೆ ಆಳ ಎಷ್ಟು. ಆಳ ಕಡಿಮೆಯಾದರೆ ಅಗಲವಾದ ಪಟ್ಟಿಯನ್ನು ಅಡ್ಡ ಹಿಡಿದಾಗ ಮುಕ್ಕಾಲು ಭಾಗ ಹೊರಗೇ ನಿಲ್ಲುತ್ತದೆ.

ತಿರುಗುವ ಬೇಸ್ ಅನುಕೂಲ ನಿಜ, ಆದರೆ ಅದು ಎತ್ತರ ಹೆಚ್ಚಿಸುತ್ತದೆ, ಜೊತೆಗೆ ಇನ್ನೊಂದು ಸಡಿಲ ಜಾಗ ತರುತ್ತದೆ. ಬೇಕೆಂದರೆ ಎರಡು ಲಾಕ್ ಬೋಲ್ಟ್ ಇರುವುದನ್ನೇ ಆರಿಸಿ. ಒಂದೇ ಲಾಕ್ ಇದ್ದರೆ ಉದ್ದ ಪೈಪನ್ನು ಬಗ್ಗಿಸುವಾಗ ವೈಸ್ ಮೆಲ್ಲಗೆ ತಿರುಗಿಕೊಳ್ಳುತ್ತದೆ. ದವಡೆಯ ಕೆಳಗೆ ಪೈಪ್ ಹಿಡಿಯುವ ಹಲ್ಲುಗಳಿದ್ದರೆ ಒಂದು ಉಪಯೋಗವೇ. ಚಪ್ಪಟೆ ದವಡೆಯಲ್ಲಿ ಪೈಪ್ ಹಿಡಿದರೆ ಅದು ಮೊಟ್ಟೆಯಾಕಾರಕ್ಕೆ ಅಪ್ಪಚ್ಚಿಯಾಗುತ್ತದೆ. ಮರಗೆಲಸವೇ ಮುಖ್ಯವಾದವರಿಗೆ ಈ ವೈಸ್ ಅಲ್ಲ, ಬೆಂಚಿನ ಅಂಚಿಗೆ ಸಮನಾಗಿ ಕೂರುವ ಅಗಲ ದವಡೆಯ ಮರಗೆಲಸದ ವೈಸ್ ಬೇಕು.

ಜಾ ಪ್ಲೇಟ್‌ಗಳು ಹದ ಕೊಟ್ಟ ಉಕ್ಕಿನವು, ಸ್ಕ್ರೂ ಬಿಚ್ಚಿ ಬದಲಿಸುವಂಥವು ಆಗಿರಬೇಕು. ಹಳೆಯ ಅರದ ಮೂಲೆಯನ್ನು ಪ್ಲೇಟಿನ ತುದಿಯಲ್ಲಿ ಎಳೆದರೆ ಜಾರಬೇಕು, ಆಳವಾಗಿ ಕಚ್ಚಿ ಪುಡಿ ತೆಗೆದರೆ ಹದ ಕೊಟ್ಟಿಲ್ಲ. ಪ್ಲೇಟಿನ ಹಲ್ಲು ಜಾಬಿನ ಮೇಲೆ ಗುರುತು ಮೂಡಿಸುತ್ತದೆ. ಅದಕ್ಕೆ ಎರಡು ಅಲ್ಯೂಮಿನಿಯಂ ಆಂಗಲ್ ತುಂಡು, ದವಡೆಯಷ್ಟೇ ಉದ್ದ, ಎರಡರಿಂದ ಮೂರು ಮಿ.ಮೀ. ದಪ್ಪದ್ದು, ದವಡೆಗಳ ಮೇಲೆ ಕೂರಿಸಿದರೆ ಸಾಕು. ಥ್ರೆಡ್ ಇರುವ ಬೋಲ್ಟನ್ನು ಇವಿಲ್ಲದೆ ಹಿಡಿಯಲೇಬೇಡಿ.

ವೈಸಿನ ಅರ್ಧ ಬಲ ಬೆಂಚಿನಲ್ಲಿದೆ, ಹಾಗಾಗಿ ಕೂರಿಸುವ ಕೆಲಸಕ್ಕೆ ಅವಸರ ಬೇಡ. ಜಾಗ ಬೆಂಚಿನ ಕಾಲಿನ ನೇರಕ್ಕೇ ಇರಲಿ. ಎರಡು ಕಾಲುಗಳ ನಡುವೆ ಕೂರಿಸಿದರೆ ಪ್ರತಿ ಏಟಿಗೂ ಹಲಗೆ ಪುಟಿಯುತ್ತದೆ, ಏಟಿನ ಬಲ ಅಲ್ಲೇ ಕಳೆದುಹೋಗುತ್ತದೆ. ಹಿಂದಿನ ದವಡೆಯ ಹಿಡಿಯುವ ಮುಖ ಬೆಂಚಿನ ಅಂಚಿಗಿಂತ ಒಂದಿಷ್ಟು ಮುಂದೆ ಚಾಚಿರಬೇಕು. ಉದ್ದದ ಸರಳನ್ನು ನೆಟ್ಟಗೆ ನಿಲ್ಲಿಸಿ ಹಿಡಿದಾಗ ಅದು ಅಂಚಿಗೆ ತಾಗದೆ ನೇರ ನೆಲದವರೆಗೆ ಇಳಿಯಬೇಕು. ತೂತು ಕೊರೆಯುವ ಮುನ್ನ ವೈಸನ್ನು ಇಟ್ಟು, ಒಂದು ಸರಳು ಕಚ್ಚಿಸಿ ನೋಡಿ, ಆಮೇಲೆ ಗುರುತು ಹಾಕಿ. ಎಷ್ಟೋ ಬೆಂಚುಗಳಲ್ಲಿ ವೈಸ್ ನಾಲ್ಕು ಬೆರಳು ಹಿಂದೆ ಕುಳಿತಿರುತ್ತದೆ, ಅದರ ಅರ್ಧ ಉಪಯೋಗ ಅಲ್ಲಿಗೇ ಹೋಯಿತು.

ಹಲಗೆ 40ರಿಂದ 50 ಮಿ.ಮೀ. ದಪ್ಪ ಇರಲಿ. 18 ಮಿ.ಮೀ. ಪ್ಲೈವುಡ್ ಆದರೆ ವೈಸಿನ ಕೆಳಗೆ ಇನ್ನೆರಡು ಪದರ ಅಂಟಿಸಿ. ಮರದ ಸ್ಕ್ರೂ ಬೇಡವೇ ಬೇಡ. ಬೇಸಿನ ತೂತಿಗೆ ಹಿಡಿಯುವ ಅತಿ ದಪ್ಪ ಬೋಲ್ಟ್, ಸಾಮಾನ್ಯವಾಗಿ 10 ಅಥವಾ 12 ಮಿ.ಮೀ.ನದು, ಹಲಗೆಯ ಆಚೆಗೆ ಹಾಯಬೇಕು. ಕೆಳಗೆ ಅಗಲ ವಾಷರ್, ಸಾಧ್ಯವಾದರೆ ಎಲ್ಲ ಬೋಲ್ಟಿಗೂ ಸೇರಿ ಒಂದೇ 6 ಮಿ.ಮೀ. ಉಕ್ಕಿನ ಪ್ಲೇಟ್. ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಬೇಸ್ ಒಂದು ಮೂಲೆಯಲ್ಲಿ ಎದ್ದಿದ್ದರೆ ತೆಳು ತಗಡು ತೂರಿಸಿ ಸಮ ಮಾಡಿ. ಎದ್ದ ಕಿವಿಯನ್ನು ಬೋಲ್ಟಿನಿಂದಲೇ ಕೆಳಗೆ ಎಳೆಯಲು ಹೋದರೆ ಬೀಡು ಪಟ್ಟನೆ ಸೀಳುತ್ತದೆ.

ಎತ್ತರಕ್ಕೆ ಫಿಟ್ಟರ್‌ಗಳ ಹಳೆಯ ಅಳತೆಯೇ ಸರಿ. ನೆಟ್ಟಗೆ ನಿಂತು, ಕೈ ಮಡಚಿ, ಮುಷ್ಟಿಯನ್ನು ಗದ್ದಕ್ಕೆ ತಾಗಿಸಿದಾಗ ಮೊಣಕೈ ತುದಿ ದವಡೆಯ ನೆತ್ತಿಗೆ ತಾಗಬೇಕು. ಇದಕ್ಕಿಂತ ತಗ್ಗಾದರೆ ಅರ ಹಾಕುವಾಗ ಸೊಂಟ ನೋಯುತ್ತದೆ. ಎತ್ತರವಾದರೆ ಭುಜ ಎದ್ದು ಅರ ತೂಗಾಡುತ್ತದೆ, ಜಾಬಿನ ಮುಖ ಉಬ್ಬಾಗಿ ಬರುತ್ತದೆ.

ಬಳಕೆಯಲ್ಲಿ ವೈಸನ್ನು ಹಾಳು ಮಾಡುವುದು ಹೆಚ್ಚಾಗಿ ಹ್ಯಾಂಡಲಿಗೆ ತೂರಿಸುವ ಪೈಪು. ಹ್ಯಾಂಡಲಿನ ಉದ್ದವನ್ನು ಕೈಬಲಕ್ಕೆ ತಕ್ಕಂತೆ ಇಟ್ಟಿರುತ್ತಾರೆ. ಪೈಪ್ ಹಾಕಿ ಉದ್ದವನ್ನು ಎರಡುಪಟ್ಟು ಮಾಡಿದರೆ ನಟ್ಟಿನ ಮೇಲಿನ ಭಾರವೂ ಎರಡುಪಟ್ಟು. ಕೈಯಲ್ಲಿ ಬಿಗಿದದ್ದು ಸಾಲದೆ ಜಾಬ್ ಜಾರುತ್ತಿದ್ದರೆ ಪ್ಲೇಟಿಗೆ ಎಣ್ಣೆ ಹತ್ತಿರಬೇಕು ಅಥವಾ ಕೆಲಸಕ್ಕೆ ವೈಸ್ ಸಣ್ಣದು. ಸುತ್ತಿಗೆ ಹೊಡೆಯುವುದಾದರೆ ಏಟು ಹಿಂದಿನ ದವಡೆಯ ಕಡೆಗೆ ಬೀಳಲಿ, ಏಕೆಂದರೆ ಬಾಡಿಯ ಲೋಹವೆಲ್ಲ ಅದರ ಬೆನ್ನಿಗಿದೆ. ಮುಂದಿನ ದವಡೆಯ ಕಡೆಗೆ ಹೊಡೆದರೆ ಏಟೆಲ್ಲ ಥ್ರೆಡ್ಡಿಗೆ. ಸ್ಲೈಡಿನ ಮೇಲೆ ಇಟ್ಟು ಏನನ್ನೂ ಕುಟ್ಟಬಾರದು.

ದವಡೆಯ ಒಂದೇ ಬದಿಯಲ್ಲಿ ಜಾಬ್ ಹಿಡಿಯಬೇಕಾಗಿ ಬಂದರೆ, ಇನ್ನೊಂದು ಬದಿಗೆ ಅಷ್ಟೇ ದಪ್ಪದ ತುಂಡು ಕೊಡಿ. ಇಲ್ಲವಾದರೆ ದವಡೆ ಸೊಟ್ಟಗೆ ತಿರುಗಿ ಸ್ಲೈಡ್ ಒಂದೇ ಪಕ್ಕ ಸವೆಯುತ್ತದೆ, ಕಾಗದದ ಪರೀಕ್ಷೆಯಲ್ಲಿ ಗೆದ್ದ ವೈಸ್ ಕೂಡ ವರ್ಷದೊಳಗೆ ಸೋಲುತ್ತದೆ. ಥ್ರೆಡ್ಡಿಗೆ ಗ್ರೀಸ್, ಸ್ಲೈಡಿಗೆ ಎರಡು ಹನಿ ಎಣ್ಣೆ ಹಾಕಿ ಒರಸಿ. ಗ್ರೀಸಿಗೆ ಅರದ ಪುಡಿ ಮೆತ್ತಿಕೊಂಡರೆ ಅದೇ ಉಜ್ಜುವ ಪೇಸ್ಟ್ ಆಗುತ್ತದೆ, ಆದ್ದರಿಂದ ಆಗಾಗ ದವಡೆ ಹೊರತೆಗೆದು ಸೀಮೆಎಣ್ಣೆಯಲ್ಲಿ ಥ್ರೆಡ್ ತೊಳೆದು ಹೊಸ ಗ್ರೀಸ್ ಹಚ್ಚಬೇಕು. ಹೊಸದಾಗಿ ಕೂರಿಸಿದ ವೈಸಿನ ಕೆಳಗೆ ಮರ ಒತ್ತಡಕ್ಕೆ ತುಸು ಅಮರುತ್ತದೆ. ಮೊದಲ ಒಂದೆರಡು ವಾರ ಕೆಲಸ ಆದ ಮೇಲೆ ಬೇಸಿನ ಬೋಲ್ಟ್‌ಗಳಿಗೆ ಸ್ಪ್ಯಾನರ್ ಇಟ್ಟು ನೋಡಿದರೆ ಪ್ರತಿಯೊಂದೂ ಇನ್ನಷ್ಟು ಬಿಗಿ ಹಿಡಿಯುತ್ತದೆ.