ಚಿನ್ನದ ಬಣ್ಣದ ಅಂಚೆ ಪೆಟ್ಟಿಗೆ

ಸ್ಕಾಟ್ಲೆಂಡಿನಲ್ಲಿರುವ ಗೆಳೆಯ ಇವತ್ತು ಒಂದು ಫೋಟೋ ಕಳಿಸಿದ. ಡನ್‌ಬ್ಲೇನ್ ಊರಿನ ಅಂಚೆ ಪೆಟ್ಟಿಗೆ. ಕೆಂಪಲ್ಲ, ಚಿನ್ನದ ಬಣ್ಣ. 2012ರ ಒಲಿಂಪಿಕ್ಸ್‌ನಲ್ಲಿ ಆಂಡಿ ಮರ್ರೆ ಟೆನಿಸ್ ಚಿನ್ನ ಗೆದ್ದಾಗ ಬಳಿದದ್ದಂತೆ.

ಡನ್‌ಬ್ಲೇನ್ ಅಂದರೆ ನನಗೆ ಮೊದಲು ನೆನಪಾಗುವುದು ಬೇರೆಯೇ. 1996ರ ಮಾರ್ಚ್ 13. ಬೆಳಿಗ್ಗೆ ಶಾಲೆಯ ಜಿಮ್‌ಗೆ ನುಗ್ಗಿದ ಒಬ್ಬ 16 ಪುಟ್ಟ ಮಕ್ಕಳನ್ನೂ ಅವರ ಟೀಚರನ್ನೂ ಕೊಂದ. ಐದಾರು ವರ್ಷದ ಮಕ್ಕಳು. ಮರ್ರೆ ಆಗ ಅದೇ ಶಾಲೆಯ ಹುಡುಗ, ಅವತ್ತು ಅಲ್ಲೇ ಇದ್ದ.

ತಲೆಯಿಂದ ಹೋಗದ ಸಂಗತಿ ಇದು: ಆ ಕೊಲೆಗಾರನ ನಾಲ್ಕು ಕೈಬಂದೂಕಿಗೂ ಲೈಸೆನ್ಸ್ ಇತ್ತು. ಕಳ್ಳಮಾಲಲ್ಲ. ಫಾರಂ, ಸಹಿ, ಸೀಲು, ಎಲ್ಲ ಸರಿಯಾಗಿತ್ತು!

ಆಮೇಲೆ ಜನ ಸುಮ್ನೆ ಕೂರಲಿಲ್ಲ. ಮಾರ್ಚ್‌ನಲ್ಲಿ ಅಲ್ಲಿ ಸ್ನೋಡ್ರಾಪ್ ಅನ್ನುವ ಸಣ್ಣ ಬಿಳಿ ಹೂ ಅರಳುತ್ತದೆ. ಅದೇ ಹೆಸರಿಟ್ಟು, ಕೈಬಂದೂಕು ನಿಷೇಧಿಸಿ ಅಂತ ಸಹಿ ಸಂಗ್ರಹಕ್ಕೆ ಇಳಿದರು. ವಾಟ್ಸ್ಆ್ಯಪ್ ಇಲ್ಲದ ಕಾಲ, ಒಂದೊಂದು ಸಹಿಯೂ ಕಾಗದದ ಮೇಲೆ, ಪೆನ್ನಿನಲ್ಲಿ. 7 ಲಕ್ಷ ದಾಟಿತು. (ನಾವಿಲ್ಲಿ ಅಪಾರ್ಟ್‌ಮೆಂಟಿನ ನೀರಿನ ಅರ್ಜಿಗೆ ಇಪ್ಪತ್ತು ಸಹಿ ಹಾಕಿಸೋಕೆ ಒದ್ದಾಡುತ್ತೇವೆ, ಅಲ್ವಾ?)

1997ರಲ್ಲಿ ಕಾನೂನು ಬಂತು, ಅದೂ ಎರಡು ಕಂತಿನಲ್ಲಿ. ಮೊದಲು ದೊಡ್ಡ ಕೈಬಂದೂಕುಗಳಿಗೆ ನಿಷೇಧ, ಸರ್ಕಾರ ಬದಲಾದ ಮೇಲೆ .22 ಅನ್ನುವ ಚಿಕ್ಕವಕ್ಕೂ. ಇದರಿಂದ ಬ್ರಿಟನ್ನಿನ ಪಿಸ್ತೂಲು ಶೂಟರ್‌ಗಳು ಪ್ರಾಕ್ಟೀಸಿಗೆ ಬೇರೆ ದೇಶಕ್ಕೆ ಹೋಗಬೇಕಾಯಿತು ಅಂತ ಆಗ ಜೋರು ತಕರಾರು.

ಹೋಗಲಿ ಬಿಡಿ. ನನಗಂತೂ ಅದು ಜಾಸ್ತಿ ಬೆಲೆ ಅನ್ನಿಸಲಿಲ್ಲ.