ಆರ್ಚ್ ಬೀದಿಯಿಂದ ಲೊಂಬಾರ್ಡ್ ಬೀದಿಗೆ: ಒಬಾಮ ಭಾಷಣದ ಜಾಡು

ಫಿಲಡೆಲ್ಫಿಯಾಕ್ಕೆ ಬಂದವರು ಸಾಮಾನ್ಯವಾಗಿ ಲಿಬರ್ಟಿ ಬೆಲ್ ಎಂಬ ಐತಿಹಾಸಿಕ ಗಂಟೆಯ ಮುಂದೆ ಒಂದು ಫೋಟೊ ತೆಗೆಸಿಕೊಂಡು ವಾಪಸು ಹೊರಡುತ್ತಾರೆ. ನ್ಯೂಜೆರ್ಸಿಯ ಮಕ್ಕಳ ಮನೆಗೆ ಬಂದಿರುವ ನಮ್ಮ ಕಡೆಯ ಅಪ್ಪ ಅಮ್ಮಂದಿರ ಪ್ರವಾಸವೂ ಅಷ್ಟಕ್ಕೇ ಮುಗಿಯುತ್ತದೆ. ಆ ಗಂಟೆಯಿರುವ ಹುಲ್ಲುಬಯಲಿನ ಉತ್ತರದ ತುದಿಯಲ್ಲಿ, ಆರ್ಚ್ ಬೀದಿಯ ನ್ಯಾಷನಲ್ ಕಾನ್‌ಸ್ಟಿಟ್ಯೂಷನ್ ಸೆಂಟರ್‌ನಲ್ಲಿ, 2008ರ ಮಾರ್ಚ್ 18ರಂದು, ಆಗ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಸ್ಪರ್ಧಿಸುತ್ತಿದ್ದ ಬರಾಕ್ ಒಬಾಮ ವರ್ಣಭೇದದ ಬಗ್ಗೆ ಸುಮಾರು 37 ನಿಮಿಷ ಮಾತಾಡಿದರು. ಭಾಷಣದ ಪಠ್ಯ ಮೊಬೈಲಿನಲ್ಲಿದ್ದರೆ ಸಾಕು. ಅದು ಎತ್ತಿದ ದೊಡ್ಡ ಪ್ರಶ್ನೆಗಳ ಜಾಗಗಳೆಲ್ಲ ಇಲ್ಲಿ ನಡೆಯುವಷ್ಟು ಹತ್ತಿರದಲ್ಲಿವೆ.

ಅಂದಿನ ಇಕ್ಕಟ್ಟು ಇದು. ಒಬಾಮ ಇಪ್ಪತ್ತು ವರ್ಷದಿಂದ ಹೋಗುತ್ತಿದ್ದ ಶಿಕಾಗೊದ ಟ್ರಿನಿಟಿ ಚರ್ಚಿನ ಪಾದ್ರಿ ಜೆರೆಮಯಾ ರೈಟ್ ಅಮೆರಿಕವನ್ನು ಕಟುವಾಗಿ ಶಪಿಸಿದ್ದ ಹಳೆಯ ಪ್ರವಚನಗಳ ತುಣುಕುಗಳನ್ನು ಮಾರ್ಚ್ 13ರಂದು ಎಬಿಸಿ ವಾಹಿನಿ ಪ್ರಸಾರ ಮಾಡಿತು. ಒಬಾಮ ದಂಪತಿಯ ಮದುವೆ ಮಾಡಿಸಿದ್ದೂ ಇದೇ ಪಾದ್ರಿ. ಪೆನ್ಸಿಲ್ವೇನಿಯಾದ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ, ಏಪ್ರಿಲ್ 22ಕ್ಕೆ ನಿಗದಿಯಾಗಿತ್ತು. ಒಂದು ಖಂಡನಾ ಹೇಳಿಕೆ ಕೊಟ್ಟು ಜಾರಿಕೊಳ್ಳುವ ಬದಲು ಒಬಾಮ ಇಡೀ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು.

ನ್ಯೂಯಾರ್ಕ್ ಕಡೆಯಿಂದ ಆಮ್‌ಟ್ರ್ಯಾಕ್ ರೈಲಿನಲ್ಲಿ ಬಂದರೆ 30ನೇ ಬೀದಿ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಫ್ರಾಂಕ್‌ಫರ್ಡ್ ಕಡೆಗೆ ಹೋಗುವ ಮೆಟ್ರೊ ಹತ್ತಿದರೆ ಐದನೆಯ ನಿಲ್ದಾಣವೇ ಇಂಡಿಪೆಂಡೆನ್ಸ್ ಹಾಲ್. ಹೊಸಬರು ತಪ್ಪಿ ಎದುರು ದಿಕ್ಕಿನ ಪ್ಲಾಟ್‌ಫಾರ್ಮಿಗೆ ಇಳಿದುಬಿಡುವುದುಂಟು, ಫಲಕ ನೋಡಿಕೊಂಡು ಇಳಿಯಿರಿ. ಕಾರು ತರುವುದು ಬೇಡ, ಪಾರ್ಕಿಂಗ್ ದುಬಾರಿ.

ನಡಿಗೆಯನ್ನು ಕಾನ್‌ಸ್ಟಿಟ್ಯೂಷನ್ ಸೆಂಟರ್‌ನಿಂದಲೇ ಶುರುಮಾಡಿ. ವಾರದ ಎಲ್ಲ ದಿನವೂ ತೆರೆದಿರುತ್ತದೆಂದು ನಂಬಿ ಹೋಗಬೇಡಿ, ಮೊದಲೇ ವೇಳಾಪಟ್ಟಿ ನೋಡಿಕೊಳ್ಳಿ. ಒಳಗೆ ಸೈನರ್ಸ್ ಹಾಲ್‌ನಲ್ಲಿ ಆಳೆತ್ತರದ 42 ಕಂಚಿನ ಪ್ರತಿಮೆಗಳಿವೆ: ಸಂವಿಧಾನಕ್ಕೆ ಸಹಿ ಹಾಕಿದ 39 ಮಂದಿ, ಜೊತೆಗೆ ಸಹಿ ಹಾಕಲು ಒಪ್ಪದ ಮೂವರು. ಆ ಮೂವರನ್ನೂ ಸಾಲಿನಲ್ಲಿ ನಿಲ್ಲಿಸಿದ್ದು ಈ ಮ್ಯೂಸಿಯಮ್ಮಿನ ಜಾಣತನ. ಮೇಲಿನ ಅಂತಸ್ತಿನ ಗಾಜಿನ ಬಳಿ ನಿಂತರೆ ಬಯಲಿನ ಆಚೆ, ಸಂವಿಧಾನ ಸಭೆ ನಡೆದ ಇಂಡಿಪೆಂಡೆನ್ಸ್ ಹಾಲ್‌ನ ಗೋಪುರ ನೇರ ಕಾಣುತ್ತದೆ. 'ಬೀದಿಯಾಚೆ ಇನ್ನೂ ನಿಂತಿರುವ' ಸಭಾಂಗಣ ಎಂದು ಒಬಾಮ ಹೇಳಿದ್ದು ಇದನ್ನೇ. ನಿಜಕ್ಕೂ ಮಧ್ಯೆ ಎರಡು ಪೂರ್ತಿ ಬ್ಲಾಕ್‌ಗಳಿವೆ. ಆರ್ಚ್, ಮಾರ್ಕೆಟ್, ಚೆಸ್ಟ್‌ನಟ್ ಹೀಗೆ ಮೂರು ಬೀದಿ ದಾಟಬೇಕು. ಅದೇ ಆರಂಭದ ಸಾಲುಗಳಲ್ಲಿ ಸಂವಿಧಾನ ಸಭೆ 1787ರ ವಸಂತದವರೆಗೆ ನಡೆಯಿತು ಎಂಬರ್ಥದ ಮಾತೂ ಇದೆ. ಸಭೆಗೆ ಕೋರಂ ಸಿಕ್ಕಿದ್ದು ಮೇ 25ಕ್ಕೆ, ಸಹಿಯಾದದ್ದು ಸೆಪ್ಟೆಂಬರ್ 17ಕ್ಕೆ. ಅಂದರೆ ಫಿಲಡೆಲ್ಫಿಯಾದ ಉರಿಬೇಸಿಗೆ ಪೂರ್ತಿ, ಕಿಟಕಿ ಬಾಗಿಲು ಮುಚ್ಚಿಕೊಂಡು.

ಅಲ್ಲಿಂದ ದಕ್ಷಿಣಕ್ಕೆ, ಆರನೇ ಬೀದಿ ಮತ್ತು ಮಾರ್ಕೆಟ್ ಬೀದಿ ಸೇರುವ ಮೂಲೆಯಲ್ಲಿ ಛಾವಣಿಯಿಲ್ಲದ ಇಟ್ಟಿಗೆ ಗೋಡೆಗಳು ಸಿಗುತ್ತವೆ. ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷನಾಗಿ ವಾಸವಿದ್ದ ಮನೆಯ ಜಾಗ ಇದು. ಈ ನಡಿಗೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲೇ. ವಾಷಿಂಗ್ಟನ್ ಇಲ್ಲಿಗೆ ಕರೆತಂದ ಗುಲಾಮರು ಒಂಬತ್ತು ಮಂದಿ. ಪೆನ್ಸಿಲ್ವೇನಿಯಾದ 1780ರ ಕಾನೂನಿನಂತೆ ಹೊರಗಿನಿಂದ ತಂದ ಗುಲಾಮರು ಆರು ತಿಂಗಳು ಇಲ್ಲೇ ಉಳಿದರೆ ಬಿಡುಗಡೆ ಕೇಳಬಹುದಿತ್ತು. ಆ ಗಡುವು ತುಂಬದಂತೆ ಅವರನ್ನು ಆಗಾಗ ರಾಜ್ಯದ ಗಡಿ ದಾಟಿಸಿ ವಾಪಸು ತರಲಾಗುತ್ತಿತ್ತು. 1796ರ ಮೇ ತಿಂಗಳಲ್ಲಿ ಒಂದು ದಿನ ಮನೆಯವರು ಊಟಕ್ಕೆ ಕೂತಿದ್ದಾಗ ಓನಿ ಜಡ್ಜ್ ಎಂಬ ಯುವತಿ ತಪ್ಪಿಸಿಕೊಂಡು ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್ ಸೇರಿದಳು. ಮತ್ತೆ ಅವರ ಕೈಗೆ ಸಿಗಲಿಲ್ಲ. ಗಾಜಿನ ಕೆಳಗೆ ಕಾಣುವ ಅಡಿಪಾಯಗಳನ್ನು ಅಗೆದು ತೆಗೆದದ್ದು 2007ರಲ್ಲಿ, ಒಬಾಮ ಭಾಷಣಕ್ಕೆ ಒಂದು ವರ್ಷ ಮೊದಲು. ಗುಲಾಮಗಿರಿ ಈ ದೇಶದ ಮೂಲ ಪಾಪ, ಅದರ ಕಲೆ ಸಂವಿಧಾನಕ್ಕೂ ಅಂಟಿತ್ತು ಎಂದೂ, ಗುಲಾಮರ ವ್ಯಾಪಾರ ಇನ್ನೂ ಇಪ್ಪತ್ತು ವರ್ಷ ನಡೆಯಲು ಸಭೆ ಬಿಟ್ಟಿತು ಎಂದೂ ಹೇಳುವ ಭಾಗವನ್ನು ಇಲ್ಲಿ ನಿಂತೇ ಓದಬೇಕು.

ಪಕ್ಕದಲ್ಲೇ ಲಿಬರ್ಟಿ ಬೆಲ್. ಟಿಕೆಟ್ ಇಲ್ಲ, ಭದ್ರತಾ ತಪಾಸಣೆಯ ಸಾಲು ಮಾತ್ರ ಇದೆ, ಬೆಳಿಗ್ಗೆ ಬೇಗ ಹೋದರೆ ಅದೂ ಚಿಕ್ಕದು. ಇಂಡಿಪೆಂಡೆನ್ಸ್ ಹಾಲ್ ಒಳಹೋಗಲು ಮಾತ್ರ ವರ್ಷದ ಬಹುಪಾಲು ಸಮಯ ನಮೂದಿಸಿದ ಟಿಕೆಟ್ ಬೇಕು. ಪ್ರವೇಶ ಉಚಿತವಾದರೂ ಆನ್‌ಲೈನ್ ಕಾಯ್ದಿರಿಸುವಿಕೆಗೆ ಸಣ್ಣ ಶುಲ್ಕವಿದೆ. ಬೇಸಿಗೆ ರಜೆಯಲ್ಲಿ ಅದೇ ದಿನದ ಟಿಕೆಟ್ ಸಿಗುವುದು ಕಷ್ಟ. ಟಿಕೆಟ್ಟಿನ ಸಮಯಕ್ಕೆ ಅರ್ಧ ಗಂಟೆ ಮುಂಚೆಯೇ ತಪಾಸಣೆಗೆ ನಿಲ್ಲಿ, ತಡವಾದರೆ ಸರದಿ ತಪ್ಪುತ್ತದೆ. ಒಳಗೆ ವಾಷಿಂಗ್ಟನ್ ಕೂತಿದ್ದ, ಬೆನ್ನಿನ ಮೇಲ್ತುದಿಯಲ್ಲಿ ಅರ್ಧ ಸೂರ್ಯನ ಕೆತ್ತನೆಯಿರುವ ಕುರ್ಚಿ ಅಸಲಿಯದು.

ಭಾಷಣದ ನಡುಭಾಗ ಕಠಿಣವಾದದ್ದು. ರೈಟ್ ಮಾತುಗಳನ್ನು ಖಂಡಿಸಿ, ಆದರೆ ಅವರನ್ನು ತಮ್ಮಿಂದ ಕಿತ್ತುಹಾಕಲಾರೆ ಎಂದು ಹೇಳಿ, ಕರಿಯರನ್ನು ಕಂಡರೆ ಹೆದರುತ್ತಿದ್ದ ತಮ್ಮ ಬಿಳಿಯ ಅಜ್ಜಿಯನ್ನೂ ಅದೇ ಉಸಿರಿನಲ್ಲಿ ಒಬಾಮ ನೆನೆದರು. ಬಿಳಿಯ ಕಾರ್ಮಿಕರ ಸಿಟ್ಟಿಗೂ ಕಾರಣಗಳಿವೆ ಎಂದರು. ಅಜ್ಜಿಯನ್ನು ಎಳೆತಂದದ್ದು ಹಲವರಿಗೆ ಹಿಡಿಸಲಿಲ್ಲ. ಪೆನ್ಸಿಲ್ವೇನಿಯಾ ಪ್ರೈಮರಿಯಲ್ಲಿ ಎದುರಾಳಿ ಹಿಲರಿ ಕ್ಲಿಂಟನ್ ಗೆದ್ದರು. ಏಪ್ರಿಲ್ 28ರಂದು ರೈಟ್ ವಾಷಿಂಗ್ಟನ್ನಿನ ಪ್ರೆಸ್ ಕ್ಲಬ್ಬಿನಲ್ಲಿ ಮತ್ತೆ ಅದೇ ಧಾಟಿಯಲ್ಲಿ ಮಾತಾಡಿದ ಮರುದಿನವೇ ಒಬಾಮ ಸಂಬಂಧ ಕಡಿದುಕೊಂಡರು, ಮೇ ಕೊನೆಯಲ್ಲಿ ಚರ್ಚನ್ನೂ ಬಿಟ್ಟರು. ಭಾಷಣ ವಿವಾದವನ್ನು ಮುಗಿಸಿತು ಎಂದು ಬರೆಯುವವರು ಈ ಎರಡೂವರೆ ತಿಂಗಳನ್ನು ನುಂಗಿಹಾಕುತ್ತಾರೆ. ಅದು ಉಳಿಸಿಕೊಟ್ಟದ್ದು ಉಮೇದುವಾರಿಕೆಯನ್ನು, ಪಾದ್ರಿಯನ್ನಲ್ಲ.

ಕೊನೆಗೆ ಆರನೇ ಬೀದಿಯಲ್ಲೇ ದಕ್ಷಿಣಕ್ಕೆ ಹತ್ತು ನಿಮಿಷ ನಡೆದರೆ ಲೊಂಬಾರ್ಡ್ ಬೀದಿಯ ಮೂಲೆಯಲ್ಲಿ ಮದರ್ ಬೆಥೆಲ್ ಚರ್ಚ್. ನಾಲ್ಕನೇ ಬೀದಿಯ ಸೇಂಟ್ ಜಾರ್ಜ್ ಚರ್ಚಿನಲ್ಲಿ ಪ್ರಾರ್ಥನೆಗೆ ಮಂಡಿಯೂರಿದ್ದ ಕರಿಯರನ್ನು ಮೇಲೆಬ್ಬಿಸಲು ಹೋದಾಗ ಹೊರನಡೆದ ಕರಿಯ ಪಾದ್ರಿ ರಿಚರ್ಡ್ ಅಲೆನ್ ಕಟ್ಟಿದ ಸಭೆ ಇದು. ಈ ನೆಲ 1791ರಿಂದ ಕರಿಯರ ಒಡೆತನದಲ್ಲೇ ಇದೆ. ಅಮೆರಿಕದಲ್ಲಿ ಅತಿ ಹೆಚ್ಚು ಬೇರ್ಪಟ್ಟ ಗಳಿಗೆ ಭಾನುವಾರ ಬೆಳಗಿನದು ಎಂಬ ಹಳೆಯ ಮಾತನ್ನು ಒಬಾಮ ಯಾಕೆ ಎತ್ತಿದರೆಂಬುದು ಇಲ್ಲಿ ಗೊತ್ತಾಗುತ್ತದೆ. ಅಲೆನ್ ಸಮಾಧಿ ನೆಲಮಾಳಿಗೆಯ ಮ್ಯೂಸಿಯಮ್ಮಿನಲ್ಲಿದೆ, ಮೊದಲೇ ಫೋನ್ ಮಾಡಿಕೊಂಡು ಹೋಗಿ. ಒಬಾಮ ಹೋಗುತ್ತಿದ್ದ ಟ್ರಿನಿಟಿ ಚರ್ಚ್ ಅಲೆನ್ ಕಟ್ಟಿದ ಈ ಪಂಥದ್ದೆಂದು ಭಾವಿಸಬೇಡಿ. ಅದು ಸೇರಿರುವ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಪಂಥದಲ್ಲಿ ಬಿಳಿಯರೇ ಬಹುಸಂಖ್ಯಾತರು.